ಪದ ಕೇಳಿ ಬಂದ ಸೈಕಲ್ಲು

ನಮ್ಮ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಹೊಸಿಲಿನ ಆಚೆ ದೀಪ ನಿಲ್ಲುವುದಿಲ್ಲ. ಕಂದೀಲಿರಲಿ, ಬ್ಯಾಟರಿ ಇರಲಿ, ಕರೆಂಟಿನ ಬಲ್ಬೇ ಇರಲಿ, ಹೊಸಿಲು ದಾಟಿಸಿದ ಕೂಡಲೇ ತೊಡೆಯ ಮೇಲಿನ ಕೂಸು ನಿದ್ದೆಗೆ ಜಾರಿದ ಹಾಗೆ ಮೆತ್ತಗೆ ಕಣ್ಣು ಮುಚ್ಚುತ್ತದೆ. ತಿರುಗಿ ಒಳಗೆ ತಂದರೆ ತಾನಾಗಿಯೇ ಕಣ್ಣು ಬಿಡುತ್ತದೆ. ಹಿರಿಯರು ಇದಕ್ಕಾಗಿ ದೇವರ ಮೇಲೆ ಮುನಿಸಿಕೊಂಡವರಲ್ಲ. ಬೆಳಕನ್ನು ಮನೆಯೊಳಗೆ ಇಟ್ಟ, ದನಿಯನ್ನು ಬೀದಿಗೆ ಬಿಟ್ಟ ಎಂದು ಕೈಮುಗಿದು ತಮ್ಮ ಪಾಡಿಗೆ ಒಂದು ಕಟ್ಟಳೆ ಮಾಡಿಕೊಂಡರು. ಕತ್ತಲಾದ ಮೇಲೆ ನಡೆಯುವವರು ಹಾಡಬೇಕು, ಸೈಕಲ್ಲು ತುಳಿಯುವವರು ಗಂಟೆ ಬಾರಿಸಬೇಕು. ಅಷ್ಟೇ.

ಆ ಹಾಡಿಗೆ ಪದ ಎನ್ನುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು. ಗಂಗಪ್ಪ ಮಾಸ್ತರರದು ಹತ್ತೊಂಬತ್ತರ ಮಗ್ಗಿ. ಪ್ರತಿ ಸಂಜೆ ಬೇವಿನ ಮರದ ಹತ್ತಿರ ಬಂದಾಗ ತಪ್ಪುತ್ತದೆ, ಕಟ್ಟೆಯ ಮೇಲೆ ಕುಳಿತವರು ಕತ್ತಲಲ್ಲೇ ತಿದ್ದುತ್ತಾರೆ. ಗಿರಣಿಯ ಸಿದ್ರಾಮಪ್ಪ ತನ್ನ ಎಮ್ಮೆಗಳ ಹೆಸರಿಗೇ ರಾಗ ಕಟ್ಟಿದ್ದಾನೆ; ಒಂದು ಎಮ್ಮೆ ಮಾರಿದರೆ ಆ ಸಂಜೆಯೇ ಊರಿಗೆಲ್ಲ ಗೊತ್ತು. ನನ್ನ ಗಂಡ ಮೈಲಾರಪ್ಪ ದರ್ಜಿ. ಕೊರಳು, ಎದೆ, ತೋಳು, ಟೊಂಕ ಎಂದು ಅಳತೆಯನ್ನೇ ಭಜನೆಯ ಧಾಟಿಯಲ್ಲಿ ಹಾಡಿಕೊಂಡು ಮನೆಗೆ ಬರುತ್ತಾನೆ. ಅವನು ಟೊಂಕಕ್ಕೆ ಬಂದಾಗ ನಾನು ರೊಟ್ಟಿಯ ಹಂಚು ಒಲೆಯ ಮೇಲಿಟ್ಟರೆ ಸರಿಹೋಗುತ್ತದೆ.

ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಹೆಸರು ಫಕ್ಕೀರವ್ವ. ನನ್ನ ತವರೂರಿನಲ್ಲಿ ಬೀದಿಬೀದಿಗೂ ದೀಪ. ಅಷ್ಟು ಬೆಳಕಿದ್ದರೂ ಸಂಜೆಯಾದ ಮೇಲೆ ಹೆಣ್ಣುಮಗಳು ಅಂಗಳ ದಾಟಿದರೆ ಎಲ್ಲಿಗೆ, ಯಾಕೆ, ಯಾರ ಜೊತೆ ಎಂದು ಮನೆಯವರ ಜೊತೆಗೆ ಬೀದಿಯೂ ಕೇಳುತ್ತಿತ್ತು. ಒಬ್ಬಳೇ ಸಂಜೆಯ ಬೀದಿಯನ್ನು ಕಂಡವಳೇ ಅಲ್ಲ ನಾನು. ಈ ಊರಿಗೆ ಬಂದ ಹೊಸದರಲ್ಲಿ ಅತ್ತೆ ಬಾಳವ್ವ ನನ್ನ ಕೈಯಲ್ಲಿ ಎಣ್ಣೆಯ ಗಿಂಡಿ ಕೊಟ್ಟಳು.

"ದ್ಯಾಮವ್ವನ ಗುಡಿ ಒಳಗಿನ ದೀಪಕ್ಕ ದಿನಾ ಸಂಜೀಕ ನಮ್ಮ ಮನೀ ಎಣ್ಣಿ ಹೋಗಬೇಕವ್ವಾ. ನನ್ನ ಮೊಣಕಾಲು ಒಲ್ಲೆ ಅಂತಾವ. ಇನ್ನ ನೀ ಹೋಗು."

"ಒಬ್ಬಾಕೀನ?" ಎಂದೆ.

"ಯಾಕ, ಊರ ತುಂಬ ಮಂದಿ ಹಾಡ್ಕೊಂತ ಹೊಂಟಿರ್ತಾರ, ಒಬ್ಬಾಕಿ ಹೆಂಗಾಗ್ತಿ?"

ಆದರೆ ನನಗೆ ಪದ ಇರಲಿಲ್ಲ. ಪದ ಕೊಡುವುದು ನಮ್ಮಲ್ಲಿ ಸಣ್ಣ ಮಾತಲ್ಲ. ತೀರಿಕೊಂಡವರ ಪದವನ್ನು ವರ್ಷ ತುಂಬಿದ ಮೇಲೆ ಹೊಸಬರಿಗೆ ಕೊಡುತ್ತಾರೆ. ಬಹಳ ದಿನ ಯಾರೂ ಹಾಡದೆ ಬಿಟ್ಟರೆ ಬೀದಿಗೆ ಆ ಜೀವ ಮರೆತುಹೋಗುತ್ತದೆ ಎಂಬುದು ಇಲ್ಲಿಯವರ ನಂಬಿಕೆ. ಸತ್ತವರ ಮನೆಯವರನ್ನು ಕೇಳಿ, ಅವರು ಹೂಂ ಅಂದರೆ, ಬಾಯಿಗೆ ಬೆಲ್ಲ ಇಟ್ಟು ಪದ ಹೇಳಿಕೊಡುತ್ತಾರೆ. ನನ್ನ ಅತ್ತೆ ಯಮನವ್ವ ಎಂಬಾಕೆಯ ಪದ ಕೇಳಿ ತಂದಳು. ಚಿಕ್ಕ ವಯಸ್ಸಿಗೇ ಗಂಡ ತೀರಿ ಬಳೆ ತೆಗೆದ ಯಮನವ್ವ ಆಲೆಮನೆಯಲ್ಲಿ ದುಡಿದು ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದಳಂತೆ. ಅತ್ತೆ ಕೇಳಲು ಹೋದಾಗ ಮನೆಯಲ್ಲಿ ಯಮನವ್ವನ ಸೊಸೆ ನಾಗವ್ವ ಇದ್ದಳು. ಅವಳು ಕಣ್ಣೊರೆಸಿಕೊಂಡು, "ತಗೊಂಡು ಹೋಗ್ರಿ, ಅತ್ತಿ ಪದ ಮೂಲ್ಯಾಗ ಕುಂದ್ರೂದು ಬ್ಯಾಡ" ಅಂದಳು. ಮಗ ಕಲ್ಲಪ್ಪ ಆಗ ಹೊಳೆಯ ಆಚೆಯ ಆಲೆಮನೆಗಳಲ್ಲಿ ಕೆಲಸಕ್ಕಿದ್ದ. ಅವನನ್ನು ಯಾರೂ ಕೇಳಲಿಲ್ಲ. ಆಮೇಲೆ ಅವನಿಗೆ ಯಾರೂ ಹೇಳಲೂ ಇಲ್ಲ.

ಪದ ಹೀಗಿದೆ:

ಬಂದೇನೊ ಕಂದಯ್ಯ, ಬಾಗಿಲ ತೆಗಿಯೊ,
ಮಡಿಲಾಗ ಬೆಲ್ಲ ತಂದೇನೊ, ನನ ಮಗನ
ನಿದ್ದಿಗಿಂತ ಮೊದಲ ಬಂದೇನೊ.

ಮೊದಲ ಸಂಜೆ ನನ್ನ ದನಿ ನನಗೇ ಕೇಳಲಿಲ್ಲ. ಕಟ್ಟೆಯ ಮೇಲಿನಿಂದ ಯಾರೋ, "ಯಾವ ಸೊಳ್ಳಿ ಅದು, ಭಾಳ ಚಂದ ಹಾಡ್ತೈತಲ್ಲ!" ಅಂದರು. ನಾಚಿಕೆಗೆ ಸಿಟ್ಟು ಬಂದು ದನಿ ಎತ್ತಿದೆ. ಎತ್ತಿದ್ದೇ ತಡ, ಅತ್ತಿಂದ ಒಬ್ಬರು "ಓ, ಬಾಳವ್ವನ ಸೊಸಿ" ಅಂದರು, ಇತ್ತಿಂದ ಒಬ್ಬರು "ಹೋಗಿ ಬಾರವ್ವಾ" ಅಂದರು. ಯಾರೂ ಎಲ್ಲಿಗೆ ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ತಲೆಯ ಮೇಲೆ ಚುಕ್ಕಿ, ಕೈಯಲ್ಲಿ ದೇವಿಯ ಎಣ್ಣೆ, ಬಾಯಲ್ಲಿ ಪದ. ಹುಟ್ಟಿದಾಗಿನಿಂದ ನನಗೆ ಯಾರೂ ಕೊಡದಿದ್ದ ಬೀದಿಯನ್ನು ಆ ಕತ್ತಲು ಒಂದು ಸಂಜೆಯಲ್ಲಿ ಕೊಟ್ಟುಬಿಟ್ಟಿತು. ಅಂದಿನಿಂದ ಇಡೀ ದಿನದಲ್ಲಿ ನಾನು ಕಾಯುತ್ತಿದ್ದದ್ದು ಅದೊಂದು ಗಳಿಗೆಯನ್ನು. ಗೋಡೆಯ ಬದಿ ಬಿಟ್ಟು ಬೀದಿಯ ನಟ್ಟನಡುವೆ, ಎರಡೂ ಕೈ ಚಾಚಿದರೂ ಏನೂ ತಗಲದ ಹಾಗೆ ನಡೆಯುತ್ತಿದ್ದೆ. ನಡೆಯುವವರು ಗೋಡೆ ಹಿಡಿದು ಹೋಗಬೇಕೆಂದು ಅತ್ತೆ ಹೇಳಿದ್ದಳು. ಕತ್ತಲಲ್ಲಿ ನೋಡುವವರು ಯಾರು?

ಅಮಾವಾಸ್ಯೆಯ ಹಿಂದುಮುಂದಿನ ಒಂದು ಸಂಜೆ. ಗಂಟೆ ಮಾಡುವ ಹುಸೇನಸಾಬರ ಅಂಗಡಿಯ ಮುಂದೆ ಬಂದಿದ್ದೆ. ನನ್ನ ಪದ ಆಗತಾನೆ "ಮಡಿಲಾಗ ಬೆಲ್ಲ" ಎನ್ನುವಲ್ಲಿಗೆ ಬಂದಿತ್ತು. ಗಂಟೆ ಇಲ್ಲ, ಕೂಗಿಲ್ಲ, ಒಂದು ಸೈಕಲ್ಲು ನೆಟ್ಟಗೆ ಬಂದು ನನ್ನ ಮೇಲೆ ಬಿತ್ತು. ಗಿಂಡಿ ಎತ್ತಲೋ ಉರುಳಿತು. ಧಪಧಪ ಎಂದು ಏನೇನೋ ನನ್ನ ಸುತ್ತ ಬಿದ್ದವು, ಬೆಲ್ಲದ ವಾಸನೆ ಮೂಗಿಗೆ ಹೊಡೆಯಿತು. ಪದದಲ್ಲಿನ ಬೆಲ್ಲವೇ ಬೀದಿಗೆ ಬಿತ್ತೇನೋ ಎಂದು ಆ ನೋವಿನಲ್ಲೂ ದಿಗಿಲಾಯಿತು. ಅಷ್ಟರಲ್ಲಿ ಎರಡು ಒರಟು ಕೈಗಳು ನನ್ನ ಕೈಗಳನ್ನು ಹಿಡಿದವು.

"ಅವ್ವಾ! ಪೆಟ್ಟಾತೇನ ಅವ್ವಾ?"

ಆ ಕೈಗಳು ನನ್ನ ಗಾಜಿನ ಬಳೆಗಳನ್ನು ಮುಟ್ಟಿದವು. ಕೆಂಡ ಮುಟ್ಟಿದಂತೆ ಹಿಂದೆ ಸರಿದವು. ಆಮೇಲೆ ಕತ್ತಲು ಕೇಳಿತು, "ಯಾರವ್ವಾ ನೀನು? ಈ ಪದ ನಿನಗ್ಯಾರು ಕೊಟ್ಟರು?"

ಅವನೇ ಕಲ್ಲಪ್ಪ. ತಿಂಗಳುಗಟ್ಟಲೆ ಹೊರಗಿದ್ದು ಆ ಸಂಜೆಯೇ ಬೆಲ್ಲದ ಹೇರಿನೊಂದಿಗೆ ಊರಿಗೆ ಬರುತ್ತಿದ್ದ.

ನನ್ನ ಹಿಮ್ಮಡದ ಬಾವು ಇಳಿದ ಮೇಲೆ ಹಗಲು ಹೊತ್ತು ಚಾವಡಿಯಲ್ಲಿ ಸೇರಿದೆವು. ನಮ್ಮಲ್ಲಿ ಕತ್ತಲೆಯ ಅಪಘಾತದ ತಪ್ಪನ್ನು ಮೂವರು ಕೇಳುತ್ತಾರೆ. ಅವರಿಗೆ ಕಿವಿಯವರು ಎನ್ನುತ್ತೇವೆ. ಆ ವರ್ಷ ಬಳೆಗಾರ್ತಿ ಚಂಪವ್ವ, ಹುಸೇನಸಾಬರು, ಗಂಗಪ್ಪ ಮಾಸ್ತರರು ಕಿವಿಯವರಾಗಿದ್ದರು. ಮಾಸ್ತರರಿಗೆ ಒಂದು ಕಿವಿ ಮಂದ. ಅದಕ್ಕೇ ಎರಡೂ ಕಡೆಯ ಮಾತು ಅವರಿಗೆ ಒಂದೇ ಕಡೆಯಿಂದ ಹೋಗುತ್ತದೆಂದು ಊರಿನವರು ಅವರನ್ನು ಆರಿಸಿದ್ದರು.

ಮೂವರಲ್ಲಿ ಹಿರಿಯಳಾದ ಚಂಪವ್ವ ಮೊದಲು ನನ್ನನ್ನು ಕೇಳಿದಳು, "ಪದ ಹಾಡಾಕತ್ತಿದ್ದೇನವಾ?"

"ಹಾಡಾಕತ್ತಿದ್ದೆರಿ."

"ನಾನ ಕೇಳೀನಿ," ಎಂದರು ಹುಸೇನಸಾಬರು. "ಅಂಗಡಿ ಬಾಗಿಲದಾಗ ಕುಂತಿದ್ದೆ. ಪದ ಚಂದ ಕೇಳತಿತ್ತು. ಗಂಟಿ ಕೇಳಲಿಲ್ಲ. ಅದು ನಾ ಮಾಡಿದ ಗಂಟಿ, ಬಾರಿಸಿದ್ರ ಕೇಳದ ಇರಾಂಗಿಲ್ಲ."

ಚಂಪವ್ವ ಕಲ್ಲಪ್ಪನ ಕಡೆ ತಿರುಗಿದಳು. ಅವನು ಎತ್ತಿನಂಥ ಆಳು, ಕುಳಿತಲ್ಲೇ ಮುದ್ದೆಯಾಗಿದ್ದ.

"ಪದ ಕೇಳಿತೇನೋ ನಿನಗ?"

"ಕೇಳಿತ್ರಿ."

"ಕೇಳಿನೂ ಗಂಟಿ ಬಾರಿಸಲಿಲ್ಲ?"

"ಹೆಂಗ ಬಾರಿಸಲ್ರಿ? ಸಣ್ಣಾಂವ ಇದ್ದಾಗಿಂದ ಆ ಪದ ಕೇಳಿದ ಕೂಡಲೇ ಬಾಗಿಲ ತೆಗದು ಓಡೂದೊಂದ ಗೊತ್ತು ನನಗ. ಓಡಿದೆ. ಕಾಲಾಗ ಸೈಕಲ್ಲ ಐತಿ ಅನ್ನೂದು ಮರ್ತಬಿಟ್ಟೆ."

ಕಲ್ಲಪ್ಪ ತಲೆ ಎತ್ತಿ, "ಆದ್ರ ಚಂಪಕ್ಕಾ, ಅವ್ವನ ಪದ ಕೊಡೂಮುಂದ ನನ್ನ ಯಾರೂ ಕೇಳಿಲ್ಲ. ನನಗ ಪದ ತಿರುಗಿ ಬೇಕು," ಎಂದ.

ಪದ ಹೋದರೆ ಬೀದಿ ಹೋಯಿತು. ಇನ್ನೊಂದು ಪದ ಸಿಗುವ ತನಕ ಯಾರದೋ ಕೈ ಹಿಡಿದೇ ಹೊಸಿಲು ದಾಟಬೇಕು. ತವರೂರಿನ ಆ ಬೆಳಕಿನ ಬೀದಿಗಳು ಮತ್ತೆ ಕಣ್ಣ ಮುಂದೆ ಬಂದವು.

"ಮನೀ ಮಂದೀನ ಕೇಳೇ ತಂದೀನೋ!" ಎಂದು ನನ್ನ ಅತ್ತೆ ಎದ್ದಳು. "ನಾಗವ್ವ ನಿನ್ನ ಮನೀ ಮಂದಿ ಅಲ್ಲೇನು? ಹಂಗಾರ ಇಷ್ಟ ದಿನ ನಿನಗ ರೊಟ್ಟಿ ಬಡದು ಹಾಕಿದಾಕಿ ಯಾರು?"

ಎಲ್ಲರೂ ನಕ್ಕರು. ಚಂಪವ್ವ ಕೈ ಎತ್ತಿದಳು. "ಪದದ ಮಾತು ಆಮ್ಯಾಲ. ಮೊದಲ ತಪ್ಪು ಯಾರದು ಅನ್ನೂದು ಆಗಲಿ. ಅದಲುಬದಲು ನಡೀರಿ, ಸೇರು ತುಂಬರಿ."

ಇದು ನಮ್ಮೂರಿನ ರೀತಿ. ಅಪಘಾತವಾದ ಜಾಗದಲ್ಲೇ, ಅದೇ ಹೊತ್ತಿಗೆ, ನಡೆದವರು ಸೈಕಲ್ಲು ಹತ್ತಬೇಕು, ಸೈಕಲ್ಲಿನವರು ಪದ ಹಾಡುತ್ತ ನಡೆಯಬೇಕು. ಇನ್ನೊಬ್ಬರ ಕತ್ತಲನ್ನು ಹೊಕ್ಕು ಬಂದವರಿಗಾಗಿ ಚಾವಡಿಯಲ್ಲಿ ಒಂದು ಖಾಲಿ ಸೇರಿನ ಅಳತೆಯನ್ನು ಅರಿವೆಯಿಂದ ಮುಚ್ಚಿ ಇಟ್ಟಿರುತ್ತಾರೆ. ಇಬ್ಬರೂ ಒಬ್ಬರ ನಂತರ ಒಬ್ಬರು ಅರಿವೆಯೊಳಗೆ ಕೈ ಹಾಕಿ, ತಮ್ಮ ತಪ್ಪು ಎಷ್ಟೆಂದು ತೋರುತ್ತದೋ ಅಷ್ಟು ಜೋಳ ಸುರಿಯಬೇಕು. ಸೇರು ತುಂಬಿದರೆ ತೀರ್ಮಾನವಾಯಿತು. ಎಷ್ಟು ಸುರಿದೆವೆಂದು ಇಬ್ಬರೂ ತಾವೇ ಹೇಳಬೇಕು, ಹೆಚ್ಚು ಸುರಿದವರು ದಂಡ ಹೊರುತ್ತಾರೆ. ಸೈಕಲ್ಲಿನವರಾದರೆ ಬರುವ ಯುಗಾದಿಯ ತನಕ ಗಂಟೆ ಬಿಚ್ಚಿಟ್ಟು ಕತ್ತಲಲ್ಲಿ ಸೈಕಲ್ಲು ಹತ್ತದೆ ಇರಬೇಕು, ನಡೆದವರಾದರೆ ಅಲ್ಲಿಯ ತನಕ ಪದ ನಿಲ್ಲಿಸಬೇಕು. ಸೇರು ತುಂಬದಿದ್ದರೆ ಇಬ್ಬರೂ ಮರುದಿನ ಮತ್ತೆ ನಡೆಯಬೇಕು. ಹಿಂದೆ ಇಬ್ಬರು ಬೀಗರು ತಲಾ ಒಂದು ಹಿಡಿಗಿಂತ ಹೆಚ್ಚು ಹಾಕಲೊಲ್ಲದೆ ಮಳೆಗಾಲ ಪೂರ್ತಿ ನಡೆದರಂತೆ. ಕೊನೆಗೆ ಜಗಳ ಯಾವುದಕ್ಕೆಂದು ಇಬ್ಬರಿಗೂ ನೆನಪು ಹಾರಿ, ನಗುತ್ತ ಸೇರು ತುಂಬಿಸಿದರಂತೆ.

ಆದರೆ ನನಗೆ ಸೈಕಲ್ಲು ಬರುತ್ತಿರಲಿಲ್ಲ. ಗಂಡ ಹಿತ್ತಲಲ್ಲಿ ಕಲಿಸಲು ನಿಂತ. "ಟೊಂಕ ನೆಟ್ಟಗ ಇಡು! ತೋಳು ಸಡಲ ಬಿಡು! ಕೊರಳು ಮ್ಯಾಲ!" ಎಂದು ಹಿಂದೆ ಹಿಂದೆ ಓಡಿದ.

"ಸೈಕಲ್ಲ ಕಲಸಾಕತ್ತೀಯೋ, ಜಂಪರಿನ ಅಳತಿ ತಗೊಳಾಕತ್ತೀಯೋ?" ಎಂದಳು ಅತ್ತೆ, ಮೆಟ್ಟಿಲ ಮೇಲೆ ಕುಳಿತು ಕಡಲೆ ಬಿಡಿಸುತ್ತ. ನಾನು ನಗುತ್ತ ನಗುತ್ತ ಸೆಗಣಿಯ ಗುಂಡಿಯ ಪಕ್ಕ ಬಿದ್ದೆ. ಮತ್ತೆ ಹತ್ತಿದೆ. ಒಂದು ದಿನ ಹಿಂದೆ ತಿರುಗಿ ನೋಡಿದರೆ ಗಂಡ ದೂರದ ನುಗ್ಗೆ ಗಿಡದ ಹತ್ತಿರ ನಿಂತು ಚಪ್ಪಾಳೆ ತಟ್ಟುತ್ತಿದ್ದ. ನಾನು ನಿಜವಾಗಿ ಒಬ್ಬಳೇ ಹೊರಟಿದ್ದೆ.

ಅದಲುಬದಲಿನ ಸಂಜೆ ಊರೆಲ್ಲ ಬಂದು ಬೀದಿಯ ಎರಡೂ ಬದಿ ಸುಮ್ಮನೆ ನಿಂತಿತು. ಸುಮ್ಮನೆ ಎಂದರೆ ನಮ್ಮವರು ಎಷ್ಟು ಸುಮ್ಮನಿರಬಲ್ಲರೋ ಅಷ್ಟು. ಆ ತುದಿಯಲ್ಲಿ ಕಲ್ಲಪ್ಪ ಕೈಯಲ್ಲಿ ಎಣ್ಣೆಯ ಗಿಂಡಿ ಹಿಡಿದು ನಿಂತಿದ್ದ, ಈ ತುದಿಯಲ್ಲಿ ನಾನು ಅವನ ಸೈಕಲ್ಲಿನ ಮೇಲೆ. ಹುಸೇನಸಾಬರು ನನ್ನ ಹೆಬ್ಬೆರಳನ್ನು ಹಿಡಿದು ಗಂಟೆಯ ಮೇಲೆ ಇಟ್ಟು, "ಇಲ್ಲೈತಿ ನೋಡು ತಾಯಿ, ಮರೀಬ್ಯಾಡ," ಎಂದು ದೂರ ಸರಿದರು.

ತುಳಿದೆ. ಸೀಟಿನ ಮೇಲೆ ಕುಳಿತವಳಿಗೆ ಆ ಬೀದಿ ಬೇರೆಯೇ ಆಗಿತ್ತು. ನಡೆಯುವಾಗ ಸಮುದ್ರದಂತೆ ತೋರುತ್ತಿದ್ದದ್ದು ಈಗ ದಾರದಷ್ಟು ಕಿರಿದು. ಎರಡೂ ಬದಿಗೆ ಗೋಡೆಗಳು ಉಸಿರು ಬಿಡುತ್ತಿರುವಂತೆ ಹತ್ತಿರ. ಇಂಥ ದಾರದ ನಡುವೆ ದಿನವೂ ಕೈ ಚಾಚಿಕೊಂಡು ಹೋಗುತ್ತಿದ್ದೆನಲ್ಲ! ಎದುರಿನಿಂದ ಬಂದವರೆಲ್ಲ ನನ್ನನ್ನು ಹೇಗೆ ತಪ್ಪಿಸಿಕೊಂಡು ಹೋದರು? ಅವರ ಗಂಟೆಗಳು ನನಗೆ ಒಂದೂ ನೆನಪಿರಲಿಲ್ಲ. ಹಾಡುವಾಗ ನನ್ನ ಕಿವಿ ನನ್ನ ಬಾಯಿಗೇ ಅಂಟಿಕೊಂಡಿತ್ತು.

ಆಗ ಆ ತುದಿಯಿಂದ ಪದ ಎದ್ದಿತು.

ಬಂದೇನೊ ಕಂದಯ್ಯ, ಬಾಗಿಲ ತೆಗಿಯೊ.

ಒಡಕು ದನಿ, ಗಂಡು ದನಿ, ರಾಗ ಅಲ್ಲಲ್ಲಿ ಕಾಲು ಜಾರಿದ್ದು. ಅಷ್ಟು ದಿನ ಹಾಡಿದವಳು ನಾನು. ಕೇಳಿದ್ದು ಅದೇ ಮೊದಲು. ಯಾರೋ ದಣಿದು, ಮಡಿಲಲ್ಲಿ ಏನೋ ಕಟ್ಟಿಕೊಂಡು, ನನಗಾಗಿಯೇ ಮನೆಗೆ ಬರುತ್ತಿದ್ದಾರೆ. ನನ್ನ ನಿದ್ದೆಗಿಂತ ಮೊದಲು ಬರುತ್ತಿದ್ದಾರೆ. ಹೆಬ್ಬೆರಳು ಗಂಟೆಯ ಮೇಲೆಯೇ ಇತ್ತು, ನನಗೆ ಮಾತ್ರ ಅದು ಗಂಟೆ ಎಂಬುದು ಮರೆತುಹೋಯಿತು. ಕಾಲುಗಳು ತಾವಾಗಿ ತುಳಿದವು. ನೆಟ್ಟಗೆ ಪದದ ಕಡೆಗೆ ಹೊರಟೆ.

"ಗಂಟಿ! ಗಂಟಿ, ತಂಗೀ!" ಎಂದು ಕಲ್ಲಪ್ಪ ಕೂಗಿ ಬದಿಗೆ ಹಾರಿದ. ನಾನು ಅವನನ್ನು ದಾಟಿ, ಸಿದ್ರಾಮಪ್ಪ ತನ್ನ ಎಮ್ಮೆಗಳಿಗೆಂದು ಒಟ್ಟಿದ್ದ ಹೊಟ್ಟಿನ ಗುಡ್ಡೆಯೊಳಗೆ ಸೈಕಲ್ಲಿನ ಸಮೇತ ಹೊಕ್ಕೆ. ಒಳಗಿನಿಂದ ಗಂಟೆ ತಡವಾಗಿ ಟ್ರಿಣ್ ಎಂದಿತು. ಕತ್ತಲೆಗೆ ಕತ್ತಲೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ತಲೆಯಲ್ಲಿ ಹೊಟ್ಟು ಇಟ್ಟುಕೊಂಡೇ ಚಾವಡಿಗೆ ಹೋದೆ. ಮೊದಲು ಕಲ್ಲಪ್ಪ ಅರಿವೆಯೊಳಗೆ ಕೈ ಹಾಕಿದ. ಆಮೇಲೆ ನಾನು. ಚಂಪವ್ವ ಮನಸ್ಸಿನಲ್ಲೇ ದ್ಯಾಮವ್ವನನ್ನು ನೆನೆದು ಅರಿವೆ ಎತ್ತಿದಳು. ಜೋಳ ಸೇರಿನ ಅಂಚು ಮೀರಿ ಜರ್ರನೆ ಜಾರಿ ಅವಳ ಉಡಿಯಲ್ಲಿ ಬಿತ್ತು. ಬೀಳುತ್ತಲೇ ಇತ್ತು.

ಚಂಪವ್ವ ಜೋಳವನ್ನೊಮ್ಮೆ ನಮ್ಮನ್ನೊಮ್ಮೆ ನೋಡಿದಳು. "ನಾ ಹುಟ್ಟಿದಾಗಿಂದ ಇದನ್ನ ಕಂಡಿಲ್ಲವ್ವಾ. ಏನೋ ಕಲ್ಲಪ್ಪಾ, ಎಷ್ಟು ಸುರದಿ?"

"ನನ್ನ ಮನಸ್ಸಿಗೆ ಬಂದಷ್ಟು ಸುರದೆರಿ. ಹಾಡ್ಕೊಂತ ನಡದ್ರ ಎದಿ ಎಷ್ಟು ಬಿಚ್ಚಿರತೈತಿ ಅನ್ನೂದು ಇವತ್ತ ತಿಳೀತು. ಅಂಥಾಕಿಗೆ ಹೋಗಿ ಗುದ್ದೀನಿ."

"ನೀ ಯಾಕವಾ ಇಷ್ಟು ಹಾಕಿದಿ? ಬಿದ್ದಾಕಿ ನೀನು."

"ನಾ ದಿನಾ ನಡಬರಕ ನಡೀತಿದ್ದೆರಿ," ಎಂದೆ. "ಹಾಡಿದೆ, ಆದ್ರ ಯಾರದೂ ಕೇಳಲಿಲ್ಲ."

ಗಂಗಪ್ಪ ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಕಡಿಮಿ ಬಿದ್ರ ಮತ್ತ ನಡೀಬೇಕು ಅಂತ ಕಟ್ಟಳಿ ಐತಿ. ಹೆಚ್ಚಾದ್ರ ಏನು ಮಾಡಬೇಕು ಅಂತ ಹಿರ್ಯಾರು ಹೇಳಿಲ್ಲ."

"ಹೆಚ್ಚಾದ್ರ ಬೀಸಿ ರೊಟ್ಟಿ ಮಾಡಬೇಕು!" ಎಂದಳು ನನ್ನ ಅತ್ತೆ. "ಅದನ್ನೂ ಹಿರ್ಯಾರ ಹೇಳಬೇಕೇನು?"

ಇಡೀ ಚಾವಡಿ ಗೊಳ್ಳೆಂದಿತು. ಯಾರ ಜೋಳ ಎಷ್ಟೆಂದು ಬೇರೆ ಮಾಡಲು ಈಗ ಜೋಳವನ್ನೇ ಕೇಳಬೇಕಿತ್ತು. ಚಂಪವ್ವ ಉಡಿ ಕೊಡವಿಕೊಂಡು ತೀರ್ಮಾನ ಹೇಳಿದಳು: ಗಂಟೆ ಬಿಚ್ಚುವುದು ಬೇಡ, ಬಾರಿಸಿದರೆ ಸಾಕು, ಪದ ನಿಲ್ಲಿಸುವುದು ಬೇಡ, ಗೋಡೆ ಹಿಡಿದರೆ ಸಾಕು. ನಗು ಇಳಿದ ಮೇಲೆ ಅವಳ ದನಿಯೂ ಇಳಿಯಿತು.

"ಇನ್ನ ಪದದ ಮಾತು. ಕಲ್ಲಪ್ಪಾ, ಸೊಸಿನ್ನ ಕೇಳಿದ್ರ ಸಾಲದು, ಮಗನ್ನೂ ಕೇಳಬೇಕಾಗಿತ್ತು. ಅದು ಖರೇ. ನೀ ಬೇಡಿದ್ರ ಪದ ನಿಂದು. ಹೇಳು."

ನಾನು ನೆಲ ನೋಡುತ್ತ ಕುಳಿತೆ. ಕೊಡುವುದಿಲ್ಲ ಎನ್ನಲು ನಾನು ಯಾರು? ಅವನ ಅವ್ವ, ಅವನ ಬಾಗಿಲು, ಅವನ ನಿದ್ದೆ. ತಾಯಿ ದ್ಯಾಮವ್ವಾ, ಇಷ್ಟು ದಿನ ನಡೆಸಿದೆಯಲ್ಲ, ಅಷ್ಟು ಸಾಕು ಎಂದು ಒಳಗೇ ಹೇಳಿಕೊಂಡೆ.

ಕಲ್ಲಪ್ಪ ಎದ್ದು ನಿಂತ. "ಇವತ್ತ ನಾ ಹಾಡಿದ್ನಲ್ಲರಿ, ಆ ತುದಿಯಿಂದ ಈ ತುದಿ ತನಕ. ಅವ್ವ ಬಂದಾಳು ಅನಕೊಂಡಿದ್ದೆ. ಬರಲಿಲ್ಲ. ಹಾಡಾವರಿಗೆ ಆಕಿ ಬರೂದಿಲ್ಲ, ಕೇಳಾವರಿಗಷ್ಟ ಬರ್ತಾಳ." ಅಂಗಿಯ ತೋಳಿನಿಂದ ಮೂಗೊರೆಸಿಕೊಂಡು ನನ್ನ ಕಡೆ ನೋಡಿ ನಕ್ಕ. "ಪದ ತಂಗೀ ಹತ್ರಾನ ಇರಲಿ. ಆಕಿ ಹಾಡಲಿ, ನಾ ಕೇಳ್ತೀನಿ. ಒಂದ ಮಾತು. ನಮ್ಮ ಮನೀ ಮುಂದ ಬಂದಾಗ ಗಡಬಡಿಸಿ ಹಾಡಬಾರದು."

"ಇಲ್ಲಣ್ಣಾ," ಎಂದೆ.

ಸೇರು ಮೀರಿದ ಜೋಳಕ್ಕೆ ಮನೆಮನೆಯವರೂ ಒಂದೊಂದು ಬೊಗಸೆ ಸೇರಿಸಿದರು. ಸಿದ್ರಾಮಪ್ಪ ಬೀಸಿಕೊಟ್ಟ. ಅಂದು ಬೀದಿಯಲ್ಲಿ ಬಿದ್ದಿದ್ದ ಬೆಲ್ಲದಲ್ಲಿ ಇರುವೆಗಳು ತಮ್ಮ ಪಾಲು ತೆಗೆದುಕೊಂಡು ಉಳಿಸಿದ್ದನ್ನು ನಾಗವ್ವ ತಂದಳು. ಬಿಸಿ ರೊಟ್ಟಿ, ಬೆಲ್ಲ, ತುಪ್ಪ. ಚಾವಡಿಯ ಒಳಗೆ ದೀಪದಲ್ಲಿ ಕೆಲವರು, ಹೊರಗೆ ಕತ್ತಲಲ್ಲಿ ಹಲವರು ಕುಳಿತು ಉಂಡೆವು. ಹೊರಗೆ ಕುಳಿತವರು ರೊಟ್ಟಿ ಕೇಳಲೂ ತಮ್ಮ ಪದವನ್ನೇ ಹಾಡಿದರು. ಮಾಸ್ತರರ ಹತ್ತೊಂಬತ್ತರ ಮಗ್ಗಿ ಆ ಸಂಜೆ ತಪ್ಪಲೇ ಇಲ್ಲ. ಬಾಯಲ್ಲಿ ರೊಟ್ಟಿ ತುಂಬಿದ್ದರಿಂದ ಯಾರಿಗೂ ತಿಳಿಯಲಿಲ್ಲ ಎಂದಳು ಅತ್ತೆ.

ಈಗಲೂ ದಿನವೂ ಎಣ್ಣೆಯ ಗಿಂಡಿ ಹಿಡಿದು ಗುಡಿಗೆ ಹೋಗುತ್ತೇನೆ, ಗೋಡೆಯ ಬದಿಗೆ. ಕಲ್ಲಪ್ಪಣ್ಣನ ಮನೆ ಹತ್ತಿರವಾದಾಗ ಹೆಜ್ಜೆ ನಿಧಾನ ಮಾಡುತ್ತೇನೆ. ಬಾಗಿಲ ತೆಗಿಯೊ ಎನ್ನುವಾಗ ಒಳಗಿನ ಚಿಲಕ ಸರಿಯುತ್ತದೆ. ಬೆಳಕು ಹೊಸಿಲಿನ ತನಕ ಬಂದು ಅಲ್ಲೇ ನಿಲ್ಲುತ್ತದೆ. ಅವನು ಮಾತಾಡಿಸುವುದಿಲ್ಲ, ನಾನೂ ನಿಲ್ಲುವುದಿಲ್ಲ. ನಿದ್ದಿಗಿಂತ ಮೊದಲ ಬಂದೇನೊ ಎಂದು ಪದ ಮುಗಿದು, ನಾನು ಮುಂದಿನ ಮನೆಯ ಗೋಡೆ ಮುಟ್ಟುವಷ್ಟರಲ್ಲಿ, ಹಿಂದೆ ಬಾಗಿಲ ಬದಿಗೆ ಒರಗಿಸಿದ ಸೈಕಲ್ಲಿನ ಗಂಟೆ ಒಂದೇ ಒಂದು ಸಲ ಟ್ರಿಣ್ ಎನ್ನುತ್ತದೆ. ಈಗ ಹಾಡುವಾಗಲೂ ನನಗೆ ಅದು ಕೇಳುತ್ತದೆ.